ಸದ್ದಿಲ್ಲದ ಬೂದಿ

ಯಂತ್ರ ಮೊದಲು ಕಿರುಚಿದ್ದು ನನ್ನ ಅತ್ತೆಯ ಅಂಗಡಿಯಲ್ಲಿ, ಕಿಟಕಿ ಪಕ್ಕದ ಕಪಾಟಿನ ಮುಂದೆ.

ಅಲ್ಲಿಯವರೆಗೆ ಅದು ಬೀದಿಯುದ್ದಕ್ಕೂ ಸುಮ್ಮನೆ ಬಂದಿತ್ತು. ಟಿಕ್... ಟಿಕ್... ತೂಕಡಿಸುವ ಮುದುಕಿ ನಡುನಡುವೆ ಲೊಚಗುಟ್ಟಿದ ಹಾಗೆ. ಕಪಾಟಿನಲ್ಲಿ ಪುಟ್ಟ ಹಲಗೆಗಳ ಮೇಲೆ ಕೂತ ಕಡುಬುಗಳ ಹತ್ತಿರ ಅದರ ಕೊಳವೆ ಹಿಡಿದದ್ದೇ ತಡ, ಕಾದ ಬಾಣಲೆಗೆ ಎಳ್ಳು ಬಿದ್ದಂತೆ ಚಟಪಟ ಶುರುವಾಯಿತು.

ಅಂಗಡಿಯಲ್ಲಿದ್ದ ಹೆಂಗಸರು ಹಿಂದೆ ಸರಿದರು. ಒಬ್ಬಳು ಮಗುವಿನ ಬಾಯಿಯಿಂದ ಕಡುಬಿನ ತುಂಡನ್ನು ಬೆರಳು ಹಾಕಿ ತೆಗೆದಳು.

"ಇಸೋ ಅಮ್ಮ," ಎಂದರು ಪುರಸಭೆಯ ಆರೋಗ್ಯಾಧಿಕಾರಿ ಶಿಮಾನೊ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ. "ಏನಿದು?"

"ಮೀನುಕಡುಬು," ಎಂದಳು ಅತ್ತೆ.

"ಅದು ಕಾಣುತ್ತೆ. ಒಳಗೇನು ಹಾಕಿದೀರಿ?"

"ಕೊಲ್ಲಿಯ ಬಿಳಿಮೀನು, ಉಪ್ಪು, ಮೊಟ್ಟೆಯ ಬಿಳಿ, ಚಿಟಿಕೆ ಸಕ್ಕರೆ. ನಿಮ್ಮ ಮದುವೆ ಊಟಕ್ಕೂ ಅದನ್ನೇ ಹಾಕಿದ್ದು, ಸಾಹೇಬ್ರೇ. ಆಗ ಕೇಳಿ ಕೇಳಿ ಬಡಿಸ್ಕೊಂಡ್ರಿ."

ಯಾರೂ ನಗಲಿಲ್ಲ.

ಆ ವರ್ಷ ನಮ್ಮ ಕಾಜಿಹಾಮಾದಲ್ಲಿ ನಗು ಸುಲಭವಾಗಿ ಬರುತ್ತಿರಲಿಲ್ಲ. ವಸಂತದ ಶುರುವಿನಲ್ಲಿ, ದೂರದ ದಕ್ಷಿಣದ ಸಮುದ್ರದಲ್ಲಿ ಅಮೆರಿಕದವರು ಸಿಡಿಸಿದ ಬಾಂಬಿನ ಬೂದಿ ನಮ್ಮೂರ ಮಿತ್ಸುಶಿಯೊ ಮಾರು ಹಡಗಿನ ಮೇಲೆ ಸುರಿದಿತ್ತು. ಪಶ್ಚಿಮದಲ್ಲಿ ಸೂರ್ಯ ಹುಟ್ಟಿದ ಹಾಗಾಯಿತಂತೆ. ಆಮೇಲೆ ಸೆಖೆಯ ಕಡಲಿನ ಮೇಲೆ ಹಿಮ ಬಿತ್ತಂತೆ. ನನ್ನಜ್ಜಿಯ ಕಥೆಗಳಲ್ಲಿ ಹಿಮ ಬಿದ್ದ ಕೂಡಲೇ ಬಿಳಿ ಕಿಮೊನೊ ತೊಟ್ಟ ಹೆಣ್ಣುಭೂತ ಬಂದು ಗಂಡಸರ ಉಸಿರು ಕದಿಯುತ್ತಿದ್ದಳು. ಈ ಹಿಮ ಅವಳಿಗಿಂತ ನಿಧಾನಿ. ಹಡಗಿನವರು ಇನ್ನೂ ಆಸ್ಪತ್ರೆಯಲ್ಲಿದ್ದರು. ಅವರು ತಂದ ಟ್ಯೂನಾವನ್ನೆಲ್ಲ ಕಡಲದಂಡೆಯ ಗುಂಡಿಯಲ್ಲಿ ಹೂಳಿದ್ದಾಗಿತ್ತು. ಆದರೂ ಮೀನೆಂದರೆ ಜನ ಹೆದರುತ್ತಿದ್ದರು. ರಾಜಧಾನಿಯ ಪ್ರಯೋಗಾಲಯದಿಂದ ವಿಕಿರಣ ಅಳೆಯುವ ಯಂತ್ರ ಬಂದು ಅಂಗಡಿಗಳನ್ನು ತಪಾಸಣೆ ಮಾಡುವುದು ರೂಢಿಯಾಗಿತ್ತು.

ಈ ಸಲ ಯಂತ್ರ ಹಿಡಿದು ಬಂದವಳು ಹೆಂಗಸು. ಹೆಸರು ಕುರಮೊಟೊ ಹಿಸಾಯೆ. ಗಿಡ್ಡ ಕೂದಲು, ಗಂಡಸರ ಬೂಟು, ಕೆನ್ನೆಯೊಳಗೆ ಯಾವಾಗಲೂ ಉಪ್ಪಿನಕಾಯಿ ಪ್ಲಮ್ಮಿನ ಓಟೆ. ಯೋಚನೆ ಗಟ್ಟಿಯಾದಷ್ಟೂ ಓಟೆ ಈ ಕೆನ್ನೆಯಿಂದ ಆ ಕೆನ್ನೆಗೆ ಓಡುತ್ತಿತ್ತು.

"ಇವತ್ತು ರುಬ್ಬಿದ ಮೀನಿನ ಹಿಟ್ಟು ಎಲ್ಲಿ?" ಎಂದಳು.

ನಾನು ಕಲ್ಲೊರಳು ತೋರಿಸಿದೆ. ಕೊಳವೆ ಹಿಟ್ಟಿನ ಮೇಲೆ ಹೋಯಿತು. ಟಿಕ್... ಟಿಕ್... ಮುದುಕಿ ತೂಕಡಿಸಿದಳು.

"ಇದರಲ್ಲಿ ಏನೂ ಇಲ್ಲ."

"ಇವತ್ತಿನದ್ರಲ್ಲಿ ಇಲ್ಲ," ಎಂದರು ಶಿಮಾನೊ. "ಬೇಯಿಸಿಟ್ಟ ಹಳೇದ್ರಲ್ಲಿ ಇದೆ. ಅಂದ್ರೆ ಹಳೇದಕ್ಕೆ ಬೇರೆ ಮೀನು ಬೆರೆಸಿದಾರೆ. ಹೂತಿಟ್ಟ ಟ್ಯೂನಾ ತೆಗೆದು ಮಾರೋರು ಇದಾರೆ ಅಂತ ಊರೆಲ್ಲ ಸುದ್ದಿ. ಇಸೋ ಅಮ್ಮ, ಯಾರ ಹತ್ರ ತಗೊಂಡ್ರಿ?"

ಅತ್ತೆ ಒನಕೆಯನ್ನು ಒರಳಿಗೆ ಒರಗಿಸಿಟ್ಟಳು. "ಈ ಅಂಗಡಿ ನನ್ನ ಮಾವನವರದು. ಆಮೇಲೆ ನನ್ನ ಗಂಡನದು. ಇವತ್ತಿನ ತನಕ ಟ್ಯೂನಾ ಇದರ ಹೊಸ್ತಿಲು ದಾಟಿಲ್ಲ."

"ನಾಳೆ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಸರಕೆಲ್ಲ ಹೂಳಿಸ್ತೀನಿ," ಎಂದರು ಶಿಮಾನೊ. ಅವರ ಕಣ್ಣು ಬಾಗಿಲ ಮೇಲೆ ಅಂಗಡಿಯ ಫಲಕದಂತೆ ಕಟ್ಟಿದ್ದ ನೀಲಿ ಪರದೆಗೆ ಹೋಯಿತು. ಅದರ ಮೇಲೆ ಅಲೆಯ ಗುರುತು, ಅತ್ತೆಯ ಗಂಡ, ನನ್ನ ಮಾವ, ಯುದ್ಧಕ್ಕೆ ಹೋಗುವ ಮೊದಲು ತಾನೇ ಬಣ್ಣ ಹಾಕಿದ್ದು. "ಇದನ್ನೂ ಇಳಿಸ್ಬೇಕಾಗುತ್ತೆ. ಮತ್ತೆ ಕಟ್ಟೋ ಹಾಗಿಲ್ಲ."

ಅತ್ತೆಯ ಕೈ ಎಲ್ಲಿ ಒರಗಿಕೊಳ್ಳಲಿ ಎಂದು ಗಾಳಿಯಲ್ಲಿ ಹುಡುಕಿತು. ನಾನು ಹೆಗಲು ಕೊಟ್ಟೆ.

"ನಾಳೆ ಮಧ್ಯಾಹ್ನದ ತನಕ ಸಮಯ ಇದೆಯಲ್ಲ?" ಎಂದಳು ಹಿಸಾಯೆ. "ಹಾಗಾದ್ರೆ ನಾನು ಊರು ಸುತ್ತಿ ಬರ್ತೀನಿ. ಏನಮ್ಮ, ನಿನ್ನ ಹೆಸರು?"

"ಮಿಯೊ."

"ಮಿಯೊ, ಬ್ಯಾಟರಿ ಪೆಟ್ಟಿಗೆ ಹೊರ್ತೀಯಾ?"

ಹೊತ್ತೆ. ಅದು ಹೆಣಭಾರ ಇತ್ತು.

*

ಮೊದಲು ಹೋದದ್ದು ಮೂಲೆಯ ಶಾವಿಗೆ ಅಂಗಡಿಗೆ. ಅವರು ಬಟ್ಟಲಿನ ಮೇಲೆ ಇಡುವ ಗುಲಾಬಿ ಅಂಚಿನ ಕಡುಬಿನ ಹೋಳುಗಳು ಅತ್ತೆಯ ಕೈಯವೇ. ಆಗಿನ್ನೂ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಒರಿಕು ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಸೊರ್‍ರನೆ ಸಾರು ಹೀರುತ್ತ ಕುಳಿತಿದ್ದಳು.

"ಅಜ್ಜಿ, ನಿಮ್ಮ ಬಟ್ಟಲು ಒಂದ್ನಿಮಿಷ," ಎಂದಳು ಹಿಸಾಯೆ.

"ತಗೋ, ಆದ್ರೆ ತಿನ್ಬೇಡ."

ಕೊಳವೆ ಹೋಳುಗಳ ಮೇಲೆ ನಿಂತಿತು. ಟಿಕ್... ಟಿಕ್...

ಹಿಸಾಯೆಯ ಕೆನ್ನೆಯಲ್ಲಿ ಓಟೆ ನಿಂತುಹೋಯಿತು. "ಮಿಯೊ, ಇದು ಯಾವತ್ತಿನ ಕಡುಬು?"

"ಕಪಾಟಿನಲ್ಲಿತ್ತಲ್ಲ, ಅದರ ಜೊತೇದೇ. ಒಂದೇ ಹಬೆಪಾತ್ರೆ. ನಾನೇ ಬೆಳಿಗ್ಗೆ ತಂದುಕೊಟ್ಟೆ."

"ಖಂಡಿತಾ?"

"ಖಂಡಿತಾ."

"ಒಂದೇ ಪಾತ್ರೆ, ಒಂದೇ ಹಿಟ್ಟು. ಅಲ್ಲಿ ಕಿರುಚುತ್ತೆ, ಇಲ್ಲಿ ಮಲಗುತ್ತೆ. ಯಾಕೆ?"

"ನಿನ್ನ ಡಬ್ಬಿಗೂ ನೆಗಡಿಯಾಗಿರ್ಬೇಕು," ಎಂದಳು ಒರಿಕು ಅಜ್ಜಿ ಬಟ್ಟಲು ವಾಪಸು ಎಳೆದುಕೊಳ್ಳುತ್ತ. "ನನ್ನ ಮೂಗನ್ನ ಕೇಳು. ಲೇ ಮಿಯೊ, ನಿನ್ನತ್ತೆಗೆ ಹೇಳು, ಈಚೆಗೆ ಕಡುಬಿನ ಪರಿಮಳ ಕೆಟ್ಟಿದೆ. ಮುಂಚೆ ಮೂಗಿನ ಹತ್ರ ತಂದ್ರೆ ಕಾಡೇ ಬಂದ ಹಾಗಿರ್ತಿತ್ತು. ಈಗ ಹಳೇ ದೋಣಿ ಮೂಸಿದ ಹಾಗೆ."

"ಅಜ್ಜಿಗೆ ವಯಸ್ಸಾಯ್ತು," ಎಂದ ಅಂಗಡಿಯವ.

"ವಯಸ್ಸಾಗಿರೋದು ಹಲ್ಲಿಗೆ ಕಣೋ. ಮೂಗಿಗಲ್ಲ."

*

ಅತ್ತೆಗೆ ಮೀನು ತರುವವನು ಮಾತಾಕಿಚಿ. ದೋಣಿಯಲ್ಲಿ ಬಲೆ ಹೊಲಿಯುತ್ತ ಕುಳಿತಿದ್ದ. ನಮ್ಮನ್ನು ಕಂಡರೂ ಏಳಲಿಲ್ಲ.

"ಹುಡುಕಿ, ಹುಡುಕಿ. ಹೆಂಡತಿ ಒಂದು ಸಲ ಹುಡುಕಿದಾಳೆ, ಅಕ್ಕಿಹೆಂಡದ ಬಾಟಲಿ ಸಿಕ್ತು. ನಿಮಗೇನು ಸಿಗುತ್ತೋ ನೋಡೋಣ."

"ಕೊಲ್ಲಿ ಬಿಟ್ಟು ಆಚೆ ಹೋಗಿದ್ಯಾ?" ಎಂದಳು ಹಿಸಾಯೆ.

"ಈ ದೋಣೀಲಾ? ಆಚೆ ಹೋದ್ರೆ ವಾಪಸ್ ಬರೋದು ನಾನಲ್ಲ, ಟೋಪಿ ಮಾತ್ರ."

ಬಲೆ, ಬುಟ್ಟಿ, ದೋಣಿಯ ತಳ, ಬೆಳಗಿನ ಮೀನು — ಎಲ್ಲದರ ಮೇಲೂ ಕೊಳವೆ ಓಡಿತು. ಎಲ್ಲವೂ ನಿದ್ದೆ. ಒಂದು ಮೀನಿನ ಹೊಟ್ಟೆ ಸೀಳಿ ಕರುಳಿಗೂ ಹಿಡಿದಳು. "ಸಮುದ್ರದಲ್ಲಿ ಬೂದಿ ತಿಂದ ಮೀನಾಗಿದ್ರೆ ಮೊದಲು ಕರುಳು ಕೂಗ್ತಿತ್ತು," ಎಂದಳು ನನಗೆ. "ಇಲ್ಲ. ಇವನು ಶುದ್ಧ."

"ಹೆಂಡತಿಗೂ ಇದೇ ಮಾತು ಹೇಳಿ ಹೋಗ್ತೀರಾ?" ಎಂದ ಮಾತಾಕಿಚಿ.

ಇನ್ನು ಉಳಿದದ್ದು ಗುಂಡಿ. ದಂಡೆಯ ಕೊನೆಯಲ್ಲಿ, ಮುಳ್ಳುತಂತಿಯ ಒಳಗೆ. ಶಿಮಾನೊ ಆಗಲೇ ಅಲ್ಲಿಗೆ ಬಂದಿದ್ದರು. ಪಕ್ಕದಲ್ಲಿ ಮೀನುಗಾರರ ಸಂಘದ ಉಗ್ರಾಣಿ ತೊಕುಜೋ ಇದ್ದ. ದಪ್ಪ ಕತ್ತು, ಮೆದು ಮಾತು. ಮಿತ್ಸುಶಿಯೊ ಮಾರುವನ್ನು ಶುಚಿ ಮಾಡಿಸುವ ಕೆಲಸ ಅವನ ಉಸ್ತುವಾರಿಯಲ್ಲೇ ನಡೆದದ್ದು.

"ಯಾರಾದ್ರೂ ಅಗೆದಿರ್ಬಹುದಾ?" ಎಂದಳು ಹಿಸಾಯೆ.

"ಅಗೆದಿರ್ಲೇಬೇಕಲ್ಲ," ಎಂದ ತೊಕುಜೋ. "ಪಾಪ, ಇಸೋನ ದೂರೋಕೆ ನನಗೆ ಮನಸ್ಸಿಲ್ಲ. ಗಂಡ ಇಲ್ಲ, ಗಿರಾಕಿ ಇಲ್ಲ. ನನ್ನ ಕೈಲಾದಷ್ಟು ನಾನೂ ನೋಡ್ಕೊಳ್ತಿದೀನಿ. ಸೌದೆ ಬೇಕು ಅಂದ್ರೆ ಸೌದೆ, ಹಲಗೆ ಬೇಕು ಅಂದ್ರೆ ಹಲಗೆ. ಆದ್ರೂ ಮನುಷ್ಯರಿಗೆ ಆಸೆ ಅನ್ನೋದು ಇರುತ್ತಲ್ಲ, ಮೇಡಂ."

ಹಿಸಾಯೆ ತಂತಿಯ ಆಚೆ ಬಗ್ಗಿ ನೋಡುತ್ತಿದ್ದಳು. ಗುಂಡಿಯ ಮೇಲೆ ಮರಳುಬಳ್ಳಿ ಹಬ್ಬಿ, ತಿಳಿಗುಲಾಬಿ ಹೂ ಬಿಟ್ಟಿತ್ತು. ಒಂದು ಎಳೆಯೂ ಹರಿದಿರಲಿಲ್ಲ.

"ವಸಂತದಿಂದ ಇಲ್ಲಿ ಗುದ್ದಲಿ ಬಿದ್ದಿಲ್ಲ. ಶಿಮಾನೊ ಅವರೇ, ನಿಮ್ಮ ಟ್ಯೂನಾ ಇನ್ನೂ ಇಲ್ಲೇ ಮಲಗಿದೆ."

ಶಿಮಾನೊ ಕರವಸ್ತ್ರ ತೆಗೆದರು.

"ಆ ಪೀಪಾಯಿ ಏನು?" ಸ್ವಲ್ಪ ದೂರದಲ್ಲಿ, ಅಲೆತಡೆಯ ಗೋಡೆಗೆ ಒತ್ತಿ ಒಂದು ಕಬ್ಬಿಣದ ಪೀಪಾಯಿ ನಿಂತಿತ್ತು. ಮುಚ್ಚಳದ ಮೇಲೆ ಕಲ್ಲು.

"ಹಡಗಿನ ಡೆಕ್ಕಿನ ಹಲಗೆಗಳು," ಎಂದ ತೊಕುಜೋ. "ಬೂದಿ ಬಿದ್ದ ಹಲಗೆ ಎಲ್ಲಾ ಕಿತ್ತು ಸುಡ್ಬೇಕು ಅಂತ ಆಜ್ಞೆ ಇತ್ತು. ನಾನೇ ಮುಂದೆ ನಿಂತು ಸುಟ್ಟೆ. ಮಳೆಗೆ ಹರಿದು ಹೋಗ್ಬಾರ್ದು ಅಂತ ಮುಚ್ಚಳ ಬೇರೆ ಹಾಕ್ಸಿದೆ."

ಹಿಸಾಯೆ ಕಲ್ಲು ಸರಿಸಿ, ಕೊಳವೆಯನ್ನು ಪೀಪಾಯಿಯೊಳಗೆ ಇಳಿಬಿಟ್ಟಳು. ಬೂದಿ ಅರ್ಧದವರೆಗೂ ಇತ್ತು. ಟಿಕ್... ಟಿಕ್...

"ನೋಡಿದ್ರಾ?" ಎಂದರು ಶಿಮಾನೊ, ಇಡೀ ದಿನದಲ್ಲಿ ಮೊದಲ ಸಲ ಮುಖ ಅರಳಿಸಿ. "ಬೆಂಕಿ ಎಲ್ಲಾನೂ ಶುದ್ಧ ಮಾಡುತ್ತೆ. ಇಲ್ಲಿ ಕೆಲಸ ಅಚ್ಚುಕಟ್ಟಾಗಿದೆ. ಹಾಗಾದ್ರೆ ತಪ್ಪು ಇಸೋ ಅಮ್ಮನ ಅಡಿಗೆಮನೇಲೇ."

"ಅಚ್ಚುಕಟ್ಟಾಗಿದೆ," ಎಂದಳು ಹಿಸಾಯೆ. ಓಟೆ ಆ ಕೆನ್ನೆಗೆ, ಈ ಕೆನ್ನೆಗೆ, ಮತ್ತೆ ಆ ಕೆನ್ನೆಗೆ ಓಡಿತು.

*

ಸಂಜೆ ಅವಳಿಗೆ ನಮ್ಮ ಮನೆಯಲ್ಲೇ ಊಟ. ಬಡಿಸಲು ಬೇರೇನೂ ಇರಲಿಲ್ಲ. ಅತ್ತೆ ನಾಚಿಕೊಂಡೇ ಕೇಳಿದಳು:

"ನಮ್ಮ ಕಡುಬು... ತಿಂತೀರಾ? ಬೇಡ ಅಂದ್ರೆ ಬೇಜಾರಿಲ್ಲ."

"ಶಾವಿಗೆ ಅಂಗಡೀಲಿ ಅದು ನಿದ್ದೆ ಮಾಡ್ತಿತ್ತು," ಎಂದಳು ಹಿಸಾಯೆ. "ಇಲ್ಲಿ ಯಾಕೆ ಎಚ್ಚರ ಇದೆ ಅಂತ ನೋಡ್ಬೇಕು. ಅಲ್ಲಿಗೆ ಹೇಗೆ ಕೊಡ್ತೀರೋ ಹಾಗೇ ಹೆಚ್ಚು, ಮಿಯೊ."

ನಾನು ಕಪಾಟಿನಿಂದ ಒಂದನ್ನು ತಂದೆ. ಯಾವಾಗಲೂ ಮಾಡುವಂತೆ ಕತ್ತಿಯನ್ನು ಮಲಗಿಸಿ, ಕಡುಬಿಗೂ, ಹಿಟ್ಟು ಮೆತ್ತಿ ಬೇಯಿಸಿದಾಗಿನಿಂದ ಅದು ಕೂತಿದ್ದ ಅಂಗೈಯಗಲದ ಹಲಗೆಗೂ ನಡುವೆ ತೂರಿಸಿ, ಒಂದೇ ಎಳೆತಕ್ಕೆ ಬಿಡಿಸಿದೆ. ತಳದ ತೆಳು ಪದರವನ್ನು ಹಲಗೆಗೇ ಅಂಟಿಕೊಳ್ಳಲು ಬಿಡುವುದು ಅತ್ತೆಯ ಕ್ರಮ. ಬಿಡಿಸಿದ ಕಡುಬು ಬಾತುಕೋಳಿಯ ಹಾಗೆ ಮಣೆಯ ಮೇಲೆ ಜಾರಿತು. ಹಲಗೆಯನ್ನು ಪಕ್ಕಕ್ಕೆ ಎಸೆದೆ.

"ತಡಿ!"

ನಾನು ಬೆಚ್ಚಿಬಿದ್ದು ಬೆರಳು ಕುಯ್ದುಕೊಳ್ಳುವುದರಲ್ಲಿದ್ದೆ.

ಹಿಸಾಯೆ ಓಟೆಯನ್ನು ಅಂಗೈಗೆ ಉಗುಳಿದಳು. ಎಸೆದ ಹಲಗೆಯನ್ನೇ ನೋಡಿದಳು. ಆಮೇಲೆ ಅದನ್ನು ಎತ್ತಿಕೊಂಡು, ಯಂತ್ರವನ್ನೂ ಹೊತ್ತುಕೊಂಡು ಪಕ್ಕದ ಕೋಣೆಗೆ ಹೋಗಿ ಕಾಗದದ ಬಾಗಿಲು ಎಳೆದುಬಿಟ್ಟಳು.

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

ಸ್ವಲ್ಪ ಹೊತ್ತು ಟಿಕ್... ಟಿಕ್... ಅದಾದ ಮೇಲೆ ಬಾಣಲೆಗೆ ಎಳ್ಳು ಸುರಿದ ಸದ್ದು! ಅದರ ಬೆನ್ನಿಗೇ ನಗು. ಆ ಬೂಟುಕಾಲಿನ ಹೆಂಗಸು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು.

"ಇಸೋ ಅತ್ತೆ," ಎಂದಳು ಬಾಗಿಲು ತೆರೆದು. ಅಲ್ಲಿಯವರೆಗೆ ಅವಳು ಅತ್ತೆಯನ್ನು ಹಾಗೆ ಕರೆದಿರಲಿಲ್ಲ. "ನಾಳೆ ಬೆಳಿಗ್ಗೆ ಎಲ್ಲರನ್ನೂ ಅಂಗಡಿಗೆ ಕರೀರಿ. ಶಿಮಾನೊ, ತೊಕುಜೋ, ಮಾತಾಕಿಚಿ, ಆ ಮೂಗಿನ ಅಜ್ಜಿ. ಮತ್ತೆ, ಆ ಪೀಪಾಯಿನೂ ತರಿಸಿ."

*

ಪೀಪಾಯಿಯನ್ನು ಮಾತಾಕಿಚಿ ಕೈಗಾಡಿಯಲ್ಲಿ ಎಳೆದು ತಂದ. ಅಂಗಡಿ ಮುಂದೆ ಅರ್ಧ ಊರು ನೆರೆದಿತ್ತು. ಶಿಮಾನೊ ಕೈಯಲ್ಲಿ ಬೀಗ. ಒಬ್ಬ ನೌಕರ ಆಗಲೇ ಏಣಿ ಹತ್ತಿ ನೀಲಿ ಪರದೆಯ ಒಂದು ತುದಿ ಬಿಚ್ಚಿದ್ದ. ಅಲೆಯ ಗುರುತು ಓರೆಯಾಗಿ ನೇತಾಡುತ್ತಿತ್ತು. ಅತ್ತೆ ಅತ್ತ ನೋಡದೆ ಕೈ ಕಟ್ಟಿ ನಿಂತಿದ್ದಳು.

"ಬೇಗ ಮುಗಿಸಿ," ಎಂದರು ಶಿಮಾನೊ.

ಹಿಸಾಯೆ ಕಪಾಟಿನ ಒಂದು ಕಡುಬಿಗೆ ಕೊಳವೆ ಹಿಡಿದಳು. ಯಂತ್ರ ಕಿರುಚಿತು. ಜನ ಹಿಂದೆ ಸರಿದರು.

"ಮಿಯೊ, ಬಿಡಿಸು."

ನಾನು ಕತ್ತಿ ಎಳೆದೆ. ಹಿಸಾಯೆ ಕಡುಬನ್ನು ಅಂಗಡಿಯ ಆ ತುದಿಗೆ ಒಯ್ದು ಇಟ್ಟು, ಅದರ ಮೇಲೆ ಕೊಳವೆ ಹಿಡಿದಳು. ಟಿಕ್... ಟಿಕ್... ಈ ತುದಿಗೆ ಬಂದು ಬರಿಯ ಹಲಗೆಯ ಮೇಲೆ ಹಿಡಿದಳು.

ಎಳ್ಳು ಸಿಡಿಯಿತು.

ಯಾರೋ "ಅಯ್ಯೋ!" ಎಂದರು. ಅತ್ತೆ ಕಟ್ಟಿದ ಕೈ ಬಿಟ್ಟಳು.

"ಕಡುಬು ಅಂದ್ರೆ ಹಲಗೆ ಸಮೇತ ಅನ್ನೋದು ನಿಮಗೆಲ್ಲ ಎಷ್ಟು ರೂಢಿ ಅಂದ್ರೆ," ಎಂದಳು ಹಿಸಾಯೆ, "ಯಾರೂ ಅದನ್ನ ಬೇರೆ ಅಂತ ನೋಡ್ಲೇ ಇಲ್ಲ. ನಾನೂ ನೋಡ್ಲಿಲ್ಲ. ಶಾವಿಗೆ ಅಂಗಡಿಗೆ ಹೋಗೋದು ಹಲಗೆ ಬಿಡಿಸಿ ಹೆಚ್ಚಿದ್ದು, ಅದಕ್ಕೇ ಅಲ್ಲಿ ಸದ್ದಿಲ್ಲ. ಮೀನು ಶುದ್ಧ. ಹಿಟ್ಟು ಶುದ್ಧ. ಇಸೋ ಅತ್ತೆಯ ಕೈಯೂ ಶುದ್ಧ."

"ಹಲಗೆ ಮರದ್ದಲ್ವಾ?" ಶಿಮಾನೊ ತಡವರಿಸಿದರು. "ಕಾಡಿನ ಮರಕ್ಕೆ ಬಾಂಬಿನ ಬೂದಿ ಎಲ್ಲಿಂದ ಬರುತ್ತೆ?"

"ಕಾಡಿಂದ ಬಂದಿದ್ರೆ ಬರ್ತಿರ್ಲಿಲ್ಲ. ಅಜ್ಜಿ, ಇದನ್ನ ಮೂಸಿ ನೋಡಿ. ಮುಟ್ಬೇಡಿ."

ಒರಿಕು ಅಜ್ಜಿ ಹಿಸಾಯೆ ಹಿಡಿದ ಹಲಗೆಯ ಹತ್ತಿರ ಮೂಗು ಚಾಚಿದಳು. "ದೋಣಿ," ಎಂದಳು ಕೂಡಲೇ. "ಟಾರು, ಎಣ್ಣೆ, ಉಪ್ಪು. ನಾನು ಹೇಳಿದ್ನಲ್ಲ, ಯಾವ ಮೂಗಿಗೆ ವಯಸ್ಸಾಗಿರೋದು?"

"ಮೇಲ್ಮೈ ಕೀಸುಳಿ ಹಾಕಿ ಬೆಳ್ಳಗೆ ಮಾಡಿದಾರೆ. ತಿರುಗಿಸಿ ನೋಡಿ, ಕೆಳಗೆ ಬೂದುಬಣ್ಣ, ಕೀಸುಳಿ ಮುಟ್ಟಿಲ್ಲ. ಇಲ್ಲೊಂದು ಮೊಳೆಯ ತೂತು, ಅನ್ನದ ಅಂಟು ಹಾಕಿ ಮರದ ಚೂರು ತುಂಬಿದಾರೆ. ಕಡುಬು ಕೂರೋ ಹಲಗೆಗೆ ಮೊಳೆ ಯಾರು ಹೊಡೀತಾರೆ? ಇಸೋ ಅತ್ತೆ, ಈ ಹಲಗೆ ನಿಮಗೆ ಕೊಡೋರು ಯಾರು?"

ಅತ್ತೆಯ ಕಣ್ಣು ತೊಕುಜೋನ ಮುಖಕ್ಕೆ ಹೋಯಿತು. ಇಡೀ ಬೀದಿಯ ಕಣ್ಣು ಅವಳ ಹಿಂದೆ ಹೋಯಿತು.

"ಬೆಟ್ಟದ ಗರಗಸದ ಗಿರಣಿಯಿಂದ ತಂದದ್ದು!" ಎಂದ ತೊಕುಜೋ. ಮೆದು ಮಾತು ಒಡೆದಿತ್ತು. "ಅಲ್ಲಿ ಏನು ಬೆರೆಸಿದ್ರೋ ನನಗೇನು ಗೊತ್ತು?"

"ಮಿತ್ಸುಶಿಯೊ ಮಾರುವಿನ ಹಲಗೆಗಳಲ್ಲ ತಾನೇ?"

"ಅವನ್ನ ಸುಟ್ಟೆ ಅಂತ ಹೇಳಿದ್ನಲ್ಲ!"

"ಎಲ್ಲಾನೂ?"

"ಎಲ್ಲಾನೂ. ಒಂದು ಚೂರೂ ಬಿಡದೆ. ಪೀಪಾಯಿ ಎದುರಿಗೇ ಇದೆಯಲ್ಲ, ನಿನ್ನೆ ನೀವೇ ನೋಡಿದ್ರಿ, ಒಂದು ಸದ್ದೂ ಬರ್ಲಿಲ್ಲ."

"ಹೌದು," ಎಂದಳು ಹಿಸಾಯೆ. "ಒಂದು ಸದ್ದೂ ಬರ್ಲಿಲ್ಲ."

ಅವಳು ಮುಚ್ಚಳ ತೆಗೆದು ಕೊಳವೆ ಇಳಿಬಿಟ್ಟಳು. ಟಿಕ್... ಟಿಕ್... ಮುದುಕಿ ತೂಕಡಿಸಿದಳು.

"ತೊಕುಜೋ ಅವರೇ, ಬೆಂಕಿ ಮರವನ್ನ ಸುಡುತ್ತೆ. ಟಾರನ್ನ ಸುಡುತ್ತೆ. ಈ ಬೂದಿಯ ವಿಷವನ್ನ ಮಾತ್ರ ಸುಡಲ್ಲ. ಬಾಂಬಿನ ಬೆಂಕಿಯಲ್ಲೇ ಹುಟ್ಟಿದ್ದು ನಿಮ್ಮ ಪೀಪಾಯಿಗೆ ಹೆದರುತ್ತಾ? ಹತ್ತು ಹಲಗೆಯಲ್ಲಿ ಹರಡಿಕೊಂಡದ್ದು ಹಿಡಿ ಬೂದಿಯಲ್ಲಿ ಒಟ್ಟಾಗಿ ಕೂರುತ್ತೆ, ಅಷ್ಟೇ. ಆ ಹಲಗೆಗಳನ್ನ ನಿಜವಾಗಿ ಸುಟ್ಟಿದ್ರೆ, ನಿನ್ನೆ ಮುಚ್ಚಳ ತೆಗೆದಾಗ ಈ ಯಂತ್ರ ಕಿವಿ ಕಿತ್ತುಹೋಗೋ ಹಾಗೆ ಕಿರುಚ್ಬೇಕಿತ್ತು. ಶಿಮಾನೊ ಅವರು 'ಶುದ್ಧ' ಅಂದ್ರು. ನನಗೆ ಆ ಶುದ್ಧವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಸದ್ದಿಲ್ಲದ ಬೂದಿ ಅಂದ್ರೆ ಬೇರೆ ಮರದ ಬೂದಿ. ಹಾಗಾದ್ರೆ ಹಡಗಿನ ಹಲಗೆ ಎಲ್ಲಿ?"

ತೊಕುಜೋ ಪೀಪಾಯಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ನಿಮ್ಮ ಉಗ್ರಾಣದ ಹಿಂದೆ ಕೀಸುಳಿ ಹೊಟ್ಟಿನ ರಾಶಿ ಇರ್ಬೇಕು. ಈ ಕೊಳವೆ ಹಿಡ್ಕೊಂಡು ಅಲ್ಲಿಗೆ ನಡೀಲಾ?"

"ಬೇಡ," ಎಂದ ತೊಕುಜೋ.

ಅದೊಂದೇ ಪದ. ಬೀದಿಗೆ ಅದು ಸಾಕಾಯಿತು.

"ಒಳ್ಳೇ ಮರ," ಎಂದ ನೆಲ ನೋಡುತ್ತ. "ಒಂದು ಚೂರೂ ಕೊಳೆತಿರ್ಲಿಲ್ಲ. ಮೇಲೆ ಕೀಸಿದ್ರೆ ಹೋಗುತ್ತೆ ಅಂದ್ಕೊಂಡೆ. ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ..."

"ಆಮೇಲೆ ಯಂತ್ರ ಕೂಗಿದಾಗ?" ಎಂದಳು ಅತ್ತೆ. ಅವಳ ದನಿ ಏರಲಿಲ್ಲ. "ಆಗ ಗೊತ್ತಾಯ್ತಲ್ಲ, ತೊಕುಜೋ? ಆಗ ನನ್ನ ಹೆಸರು ಯಾಕೆ ಹೇಳಿದೆ? ಹಬ್ಬಕ್ಕೆ ನಿನ್ನ ಮನೆಗೆ ಮೊದಲ ಕಡುಬು ಕಳಿಸ್ತಿದ್ದವಳು ನಾನು."

ಗುಂಪಿನ ಹಿಂದಿದ್ದ ಪೊಲೀಸಿನವನು ಬಂದು ತೊಕುಜೋನ ತೋಳು ಹಿಡಿದ. ಜನ ದಾರಿ ಬಿಟ್ಟರು. ಯಾರೂ ಅವನಿಗೆ ತಾಗಲಿಲ್ಲ, ಅವನೇ ಆ ಹಿಮದಲ್ಲಿ ನೆನೆದು ಬಂದವನ ಹಾಗೆ.

ಶಿಮಾನೊ ಬೀಗವನ್ನು ಜೇಬಿಗೆ ತುರುಕಿದರು. ಜೇಬು ಚಿಕ್ಕದು, ಬೀಗ ದೊಡ್ಡದು. ಕೊನೆಗೆ ಕೈಯಲ್ಲೇ ಹಿಡಿದುಕೊಂಡು, ಊರೆಲ್ಲ ನೋಡುತ್ತಿದ್ದಂತೆ, ಸೊಂಟ ಮುರಿಯುವಷ್ಟು ಬಗ್ಗಿದರು. "ಇಸೋ ಅಮ್ಮ, ನನ್ನಿಂದ ತಪ್ಪಾಯ್ತು."

"ಎದ್ದೇಳಿ ಸಾಹೇಬ್ರೇ, ಸೊಂಟ ಹಿಡ್ಕೊಂಡೀತು," ಎಂದಳು ಅತ್ತೆ. ಈ ಸಲ ಬೀದಿಗೆ ಬೀದಿಯೇ ನಕ್ಕಿತು.

*

ಹಳೆಯ ಹಲಗೆಗಳನ್ನೆಲ್ಲ, ಅಂಟಿದ ಪದರ ಸಮೇತ, ತೊಕುಜೋನ ಹೊಟ್ಟಿನ ಜೊತೆ ಸೀಸದ ಪೆಟ್ಟಿಗೆಗೆ ತುಂಬಿ ಹಿಸಾಯೆ ಮುದ್ರೆ ಹಾಕಿದಳು. ಕಡುಬು ಕೊಂಡವರ ಮನೆಮನೆಗೂ ನಾವಿಬ್ಬರೂ ಹೋಗಿ ಹಲಗೆ ವಾಪಸು ತಂದೆವು. ಹಲಗೆಗಂಟಿದ್ದನ್ನು ಕೆರೆದು ತಿಂದವರ ಹೆಸರು ಕೇಳಿ, ಅವರನ್ನು ವೈದ್ಯರ ಬಳಿಗೂ ಕಳಿಸಿದಳು. ಗಿರಣಿಯಿಂದ ಮೋಮಿ ಎಂಬ ಕಾಡುಮರದ ಹೊಸ ಹಲಗೆ ಬರುವ ತನಕ ಅವಳು ಊರು ಬಿಡಲಿಲ್ಲ.

ಅವು ಬಂದ ಬೆಳಿಗ್ಗೆ ಒರಳಿನಲ್ಲಿ ಮತ್ತೆ ಒನಕೆ ಆಡಿತು. ಹಬೆಪಾತ್ರೆಯ ಮುಚ್ಚಳ ತೆಗೆದಾಗ ಬಿಳಿ ಮೋಡ ಬೀದಿಗೆ ನುಗ್ಗಿತು. ಅತ್ತೆ ಮೊದಲ ಕಡುಬನ್ನು ಹಲಗೆ ಸಮೇತ ಎತ್ತಿ ಬಾಗಿಲಿಗೆ ತಂದಳು. ಊರಿನವರು ಬಂದಿದ್ದರು, ಆದರೆ ಕೈ ಚಾಚಿರಲಿಲ್ಲ.

ಹಿಸಾಯೆ ಕೊಳವೆಯನ್ನು ಅತ್ತೆಯ ಕೈಗೇ ಕೊಟ್ಟಳು.

ಅತ್ತೆ ಅದನ್ನು ಕಡುಬಿನ ಮೇಲೆ ಹಿಡಿದಳು. ಪಕ್ಕಕ್ಕೆ ಹಿಡಿದಳು. ತಿರುಗಿಸಿ, ಹಲಗೆಯ ಕೆಳಗೂ ಹಿಡಿದಳು.

ಟಿಕ್... ಟಿಕ್...

ಮುದುಕಿ ಗಾಢ ನಿದ್ದೆಯಲ್ಲಿದ್ದಳು.

ಜನರ ನಡುವೆ ನುಸುಳಿಕೊಂಡು ಒರಿಕು ಅಜ್ಜಿ ಮುಂದೆ ಬಂದಳು. ಹಲಗೆಗೆ ಮೂಗು ಹಚ್ಚಿ ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾದರೂ ತೆರೆಯಲಿಲ್ಲ.

"ಏನಜ್ಜಿ?" ಎಂದಳು ಹಿಸಾಯೆ. ಅವಳ ಕೆನ್ನೆಯಲ್ಲಿ ಓಟೆ ನಿಂತಿತ್ತು.

"ಕಾಡು," ಎಂದಳು ಅಜ್ಜಿ. "ಕಾಡು ವಾಪಸ್ ಬಂತು ಕಣ್ರೋ. ಏನು ನಿಂತಿದೀರಾ, ದಪ್ಪಗೆ ಹೆಚ್ಚಿ!"

ಮಾತಾಕಿಚಿ ಏಣಿ ಹತ್ತಿ ನೀಲಿ ಪರದೆಯ ಬಿಚ್ಚಿದ ತುದಿಯನ್ನು ದೋಣಿಯ ಗಂಟು ಹಾಕಿ ಬಿಗಿದ. ಕೊಲ್ಲಿಯ ಗಾಳಿ ಬಂದು ಅಲೆಯ ಗುರುತನ್ನು ಉಬ್ಬಿಸಿತು. ನಾನು ಕತ್ತಿ ಹಿಡಿದು ಒಳಗೆ ಓಡಿದೆ. ಬಾಗಿಲ ಹೊರಗೆ ಆಗಲೇ ಕೈಗಳು ಚಾಚಿದ್ದವು.